ಪ್ರತಿಕ್ರಿಯೆ: ಹಿತ್ತಲಿನ ಪಾಲಿನೇಷ್ಯನ್ ಚಪ್ಪರದ ಅಲಂಕಾರ

ಫ್ಲಾರಿಡಾದ ನಿಮ್ಮ ಹಿತ್ತಲ ಚಪ್ಪರಕ್ಕೆ ಪ್ಲಾಸ್ಟಿಕ್ ಟಿಕಿ ಮುಖವಾಡಗಳ (ಪಾಲಿನೇಷ್ಯದ ದೇವರ ಕೆತ್ತನೆಗಳ ನಕಲು) ಬದಲು ಕೈಯಾರೆ ಏನು ಮಾಡಬಹುದು ಎಂದು ಕೇಳಿದ್ದೀರಿ. ತಾಪಾದಿಂದ ಶುರು ಮಾಡಿ. ಪಾಲಿನೇಷ್ಯ ಎಂದರೆ ಪೆಸಿಫಿಕ್ ಸಾಗರದ ದ್ವೀಪಗಳ ಒಂದು ಸಮೂಹ; ಅಲ್ಲಿನ ಸಮೋವಾ, ಟೋಂಗಾಗಳಲ್ಲಿ ಒಂದು ಬಗೆಯ ಹಿಪ್ಪುನೇರಳೆಯ ಒಳತೊಗಟೆಯನ್ನು ಬಡಿದು ಬಡಿದು ಅಗಲಿಸಿ ಮಾಡುವ ಬಟ್ಟೆ ಅದು. ನಿಮಗೆ ದಪ್ಪ ಕಂದು ಕಾಗದ ಸಾಕು. ಒದ್ದೆ ಮಾಡಿ, ಮುದ್ದೆ ಮಾಡಿ ಹಿಂಡಿ, ಮೆಲ್ಲಗೆ ಬಿಡಿಸಿ ಒಣಗಿಸಿ. ಇನ್ನೊಮ್ಮೆ ಹೀಗೆಯೇ ಮಾಡಿದರೆ ಮೆತ್ತಗಾಗಿ, ಸುಕ್ಕಿನ ಸಣ್ಣ ಗೆರೆಗಳು ಮೂಡುತ್ತವೆ. ಆಮೇಲೆ ಚೌಕಗಳನ್ನು ಎಳೆದು ಕಪ್ಪು, ಕಂದು ಬಣ್ಣದಲ್ಲಿ ಎಲೆ, ತ್ರಿಕೋನಗಳನ್ನು ಬರೆಯಿರಿ. ಮಳೆ ತಾಗದ ಗೋಡೆಗೆ ಮಾತ್ರ!

ಕಂಬ, ತೊಲೆ ಸೇರುವಲ್ಲಿ ಮೊಳೆ ಮುಚ್ಚುವಂತೆ ತೆಂಗಿನ ನಾರಿನ ಹಗ್ಗವನ್ನು ಅಡ್ಡಡ್ಡ ಬಿಗಿಯಾಗಿ ಸುತ್ತಿ. ಸಮೋವಾದ ಸಾಂಪ್ರದಾಯಿಕ ಮನೆಗಳಲ್ಲಿ ಈ ಕಟ್ಟೇ ಅಲಂಕಾರ. ಊರಿನಿಂದ ಬರುವವರಿದ್ದರೆ ಕೇದಗೆ ಚಾಪೆ ತರಿಸಿಕೊಳ್ಳಿ. ಹವಾಯಿಯ ಚಾಪೆಗಳೂ ಅದೇ ಕುಲದ ಗಿಡದ ಎಲೆಯವು.

ಮುಖವಾಡ ಬಿಟ್ಟದ್ದು ಒಳ್ಳೆಯದೇ ಆಯಿತು. ಅದು 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬಾರುಗಳು ಹುಟ್ಟಿಸಿದ ಶೋಕಿ. ಪಾಲಿನೇಷ್ಯದವರಿಗೆ ಅಂಥ ಕೆತ್ತನೆ ದೇವರ, ಪೂರ್ವಜರ ರೂಪ. ಮದ್ಯದ ಲೋಟದ ಮೇಲೆ ಅದನ್ನು ಕಂಡರೆ ನನಗಂತೂ ಕಸಿವಿಸಿ.

ಪಂಜು ಹಚ್ಚುವುದಾದರೆ ಒಣ ಗರಿಯ ಮಾಡಿನಿಂದ ದೂರ ನೆಡಿ.