ಫ್ರೀಜರ್‌ನಲ್ಲಿಟ್ಟ ಮಾಂಸದ ಮೇಲೆ ಬಿಳಿ ಕಲೆ ಯಾಕೆ?

ಪ್ರಶ್ನೆ: ಫ್ರೀಜರ್‌ನಲ್ಲಿಟ್ಟ ಕೋಳಿ ಮಾಂಸದ ಮೇಲೆ ಬೆಳ್ಳಗೆ ಒಣಗಿದಂಥ ಕಲೆಗಳು ಬರುತ್ತವೆ. ಹಸಿ ಬಟಾಣಿ ಒಂದೇ ಗಡ್ಡೆಯಾಗಿಬಿಡುತ್ತದೆ. ಇವು ಕೆಟ್ಟಿವೆಯಾ? ಒಮ್ಮೆ ಕರಗಿದ ಮಾಂಸವನ್ನು ಮತ್ತೆ ಫ್ರೀಜರ್‌ನಲ್ಲಿ ಇಡಬಹುದಾ?

ಉತ್ತರ: ಕಲೆ ನೋಡಿ ಗಾಬರಿಯಾಗಬೇಡಿ, ಅದು ಬೂಷ್ಟು ಅಲ್ಲ. ಫ್ರೀಜರ್‌ನೊಳಗಿನ ಗಾಳಿ ತುಂಬಾ ಒಣ. ಅದು ತಗುಲಿದ ಕಡೆ ಮಾಂಸದಲ್ಲಿರುವ ಐಸ್ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ, ಒಣ ನಾರು ಮಾತ್ರ ಉಳಿಯುತ್ತದೆ. ಇದನ್ನೇ ಫ್ರೀಜರ್ ಬರ್ನ್ ಅನ್ನುವುದು. ಇದರಿಂದ ಆರೋಗ್ಯಕ್ಕೆ ಅಪಾಯವಿಲ್ಲ, ಆದರೆ ರುಚಿ ಹೋಗಿರುತ್ತದೆ. ಅಷ್ಟು ಭಾಗ ಕತ್ತರಿಸಿ ತೆಗೆದು ಉಳಿದದ್ದನ್ನು ಅಡುಗೆ ಮಾಡಿ.

ಮುಂದಿನ ಸಲ ಅಂಗಡಿಯ ತೆಳು ಕವರ್‌ನಲ್ಲೇ ಇಡಬೇಡಿ. ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟನ್ನು ದಪ್ಪ ಜಿಪ್ ಕವರ್‌ಗೆ ಹಾಕಿ. ಅಂಗೈಯಿಂದ ಚಪ್ಪಟೆ ಮಾಡಿ, ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ಗಾಳಿಯನ್ನೆಲ್ಲ ಹೊರಗೆ ತಳ್ಳಿ, ಆಮೇಲೆ ಜಿಪ್ ಎಳೆಯಿರಿ. ಚಪ್ಪಟೆ ಮಾಡುವುದು ಜಾಗ ಉಳಿಸಲು ಮಾತ್ರ ಅಲ್ಲ. ತೆಳುವಾಗಿದ್ದರೆ ಬೇಗ ಹೆಪ್ಪುಗಟ್ಟುತ್ತದೆ. ನಿಧಾನವಾದಷ್ಟೂ ಐಸ್ ಹರಳುಗಳು ದೊಡ್ಡದಾಗಿ ಬೆಳೆದು ಮಾಂಸದ ಕೋಶಗಳನ್ನು ಹರಿಯುತ್ತವೆ. ಕರಗಿಸಿದಾಗ ತಟ್ಟೆ ತುಂಬಾ ನೀರು ಬಿಡುತ್ತದಲ್ವಾ, ಅದಕ್ಕೆ ಇದೇ ಕಾರಣ. ಸೂಪ್‌ನಂಥದ್ದಾದರೆ ಡಬ್ಬಿಯ ಮೇಲ್ಭಾಗದಲ್ಲಿ ಸ್ವಲ್ಪ ಜಾಗ ಬಿಡಿ. ನೀರು ಐಸ್ ಆದಾಗ ಸುಮಾರು 9% ಹಿಗ್ಗುತ್ತದೆ.

ಬಟಾಣಿಯನ್ನು ಕುದಿಯುವ ನೀರಿನಲ್ಲಿ ಒಂದೂವರೆ ನಿಮಿಷ ಬಿಟ್ಟು, ತಕ್ಷಣ ಐಸ್ ನೀರಿಗೆ ಹಾಕಿ. ಬಣ್ಣ, ರುಚಿ ಕೆಡಿಸುವ ಕಿಣ್ವಗಳ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಬಟ್ಟೆಯ ಮೇಲೆ ಚೆನ್ನಾಗಿ ಆರಿಸಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಮೇಲೆ ಕವರ್‌ಗೆ ತುಂಬಿದರೆ ಬಿಡಿಬಿಡಿಯಾಗೇ ಇರುತ್ತದೆ.

ಮತ್ತೆ ಇಡಬಹುದಾ ಎನ್ನುವ ವಿಷಯದಲ್ಲಿ ಮಾತ್ರ ದಯವಿಟ್ಟು ಉದಾಸೀನ ಬೇಡ. ಫ್ರೀಜರ್‌ನ ಮೈನಸ್ 18 ಡಿಗ್ರಿ ಚಳಿಗೆ ಬ್ಯಾಕ್ಟೀರಿಯಾಗಳೆಲ್ಲ ಸಾಯುವುದಿಲ್ಲ, ಸುಮ್ಮನೆ ಬಿದ್ದಿರುತ್ತವೆ ಅಷ್ಟೆ. ಮಾಂಸ ಬೆಚ್ಚಗಾದ ಕೂಡಲೇ ಮತ್ತೆ ಹೆಚ್ಚತೊಡಗುತ್ತವೆ. ಕೆಳಗಿನ ಫ್ರಿಜ್‌ನಲ್ಲೇ ಕರಗಿ, ಇನ್ನೂ ತಣ್ಣಗಿದ್ದರೆ ಒಂದೆರಡು ದಿನದೊಳಗೆ ಮತ್ತೆ ಫ್ರೀಜರ್‌ಗೆ ಹಾಕಬಹುದು. ಇನ್ನಷ್ಟು ನೀರು ಬಿಟ್ಟು ಒಣಕಲಾಗುತ್ತದೆ, ಅಷ್ಟೆ. ಅಡುಗೆ ಕಟ್ಟೆಯ ಮೇಲೆ ಎರಡು ಗಂಟೆಗಿಂತ ಜಾಸ್ತಿ ಇದ್ದದ್ದನ್ನು ಮತ್ತೆ ಇಡಲೂಬೇಡಿ, ಬೇಯಿಸಿ ತಿನ್ನಲೂಬೇಡಿ. ಕೆಲವು ಬ್ಯಾಕ್ಟೀರಿಯಾ ಬಿಡುವ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ.