ಜರ್ಮನಿಯಲ್ಲಿ ಕಾಡು-ಗುಡ್ಡಗಳ ನಡುವಿನ ಒಂದು ಸಣ್ಣ ಹಳ್ಳಿ ನೋಡಬೇಕು. ಬ್ಲ್ಯಾಕ್ ಫಾರೆಸ್ಟ್ ಬಿಟ್ಟು ಎಲ್ಲಿಗೆ ಹೋಗಲಿ?

ಜೈಫನ್‌ಗೆ ಹೋಗಿ. ಡ್ರೆಸ್ಡೆನ್‌ನಿಂದ ದಕ್ಷಿಣಕ್ಕೆ ಹೋದರೆ ಜೆಕ್ ಗಡಿಯ ಉದ್ದಕ್ಕೂ ಎರ್ಟ್ಸ್‌ಗೆಬಿರ್ಗೆ ಅನ್ನೋ ಬೆಟ್ಟಸಾಲು ಇದೆ. ಅಲ್ಲಿ ಗಡಿಗೆ ತಾಗಿಕೊಂಡೇ ಇರುವ, ಸುಮಾರು 2,000 ಜನರ ಊರು ಇದು. ನಾನು ಕೆಲಸದ ಮೇಲೆ ಡ್ರೆಸ್ಡೆನ್‌ನಲ್ಲಿದ್ದೇನೆ. ಊರಿಂದ ಯಾರೇ ಬಂದರೂ ಅವರನ್ನು ಜೈಫನ್‌ಗೆ ಕರೆದುಕೊಂಡು ಹೋಗದೆ ಕಳಿಸುವುದಿಲ್ಲ.

ಬರೀ ಗುಡ್ಡದ ನೋಟ ಸಾಕು ಅಂತಿದ್ದರೆ ಜರ್ಮನಿಯಲ್ಲಿ ನೂರಾರು ಹಳ್ಳಿಗಳಿವೆ. ಜೈಫನ್ ಬೇರೆಯೇ. ಇಡೀ ಊರು ಮರದ ಗೊಂಬೆ ಮಾಡಿ ಬದುಕುತ್ತದೆ. ಅದೂ ಇವತ್ತು ನೆನ್ನೆಯಿಂದಲ್ಲ, ನೂರಾರು ವರ್ಷಗಳಿಂದ.

ಮೊದಲು ಇದು ತವರದ ಊರು. 1324ರ ದಾಖಲೆಯಲ್ಲೇ ಇದರ ಹೆಸರಿದೆ. ಹಳ್ಳದ ಮರಳನ್ನು ತೊಳೆದು ತವರದ ಅದಿರು ತೆಗೆಯುತ್ತಿದ್ದರು, ಆಮೇಲೆ ಗುಡ್ಡ ಕೊರೆದು ಗಣಿ ಮಾಡಿದರು. ಇಡೀ ಬೆಟ್ಟಸಾಲೇ ಬೆಳ್ಳಿ, ತವರದ ಗಣಿಗಳಿಂದ ಬೆಳೆದದ್ದು. ಗಡಿಯ ಎರಡೂ ಬದಿಯ ಈ ಗಣಿ ಪ್ರದೇಶವನ್ನು 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಗಣಿಯನ್ನೇ ನಂಬಿ ಹೊಟ್ಟೆ ಹೊರೆಯೋದು ಕಷ್ಟ. ಅದಿರು ಕಡಿಮೆಯಾದ ಹಾಗೆ ಜನ ಸುತ್ತಲಿನ ಕಾಡಿನ ಕಡೆ ತಿರುಗಿದರು. ತಟ್ಟೆ, ಅಂಗಿಯ ಗುಂಡಿ, ನೂಲುವ ಕದಿರು, ಹೀಗೆ ಲೇತ್ ಅನ್ನೋ ತಿರುಗುವ ಯಂತ್ರದಲ್ಲಿ ಕಡೆಯಬಹುದಾದ ಸಾಮಾನು ಮಾಡತೊಡಗಿದರು. ಅದಿರು ಕುಟ್ಟುವ ಯಂತ್ರ ತಿರುಗಿಸುತ್ತಿದ್ದ ಹಳ್ಳದ ನೀರೇ ಈಗ ಲೇತ್ ತಿರುಗಿಸಿತು. ಗೊಂಬೆ ಬಂದದ್ದು ಆಮೇಲೆ.

ಊರಿನ ಬಯಲು ಮ್ಯೂಸಿಯಂನಲ್ಲಿ ನೀರಿನಿಂದ ತಿರುಗುವ ಅಂಥ ಹಳೇ ಕಾರ್ಖಾನೆಯೊಂದನ್ನು ಉಳಿಸಿಕೊಂಡಿದ್ದಾರೆ. ನೀವು ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಇಲ್ಲಿ ರೈಫನ್‌ಡ್ರೇಯೆನ್ ಅನ್ನೋ ಕೆಲಸ ಮಾಡಿ ತೋರಿಸುತ್ತಾರೆ. ಸುಮಾರು 1800ರ ಹೊತ್ತಿಗೆ ಈ ಭಾಗದಲ್ಲೇ ಹುಟ್ಟಿದ ಕಸುಬು ಅದು. ಈಗ ಅದನ್ನು ಬಲ್ಲವರನ್ನು ಬೆರಳಲ್ಲಿ ಎಣಿಸಬಹುದು.

ಸ್ಪ್ರೂಸ್ ಅನ್ನೋ ಸೂಜಿ ಎಲೆಯ ಮರದ ದಿಮ್ಮಿಯನ್ನು ಅಡ್ಡಕ್ಕೆ ಕೊಯ್ದು ದಪ್ಪ ಬಿಲ್ಲೆ ಮಾಡುತ್ತಾರೆ. ಮರ ಹಸಿಯಾಗಿರಬೇಕು, ಅದಕ್ಕೆ ನೀರಲ್ಲಿ ನೆನೆಹಾಕಿರುತ್ತಾರೆ. ಬಿಲ್ಲೆ ಲೇತ್‌ನಲ್ಲಿ ತಿರುಗುತ್ತಿರುವಾಗ ಕುಶಲಕರ್ಮಿ ಉಳಿ ಹಿಡಿದು ಅದರ ಒಂದು ಮುಖದಲ್ಲಿ ಸುತ್ತಲೂ ತೋಡು ಕೊರೆಯುತ್ತಾನೆ. ಒದ್ದೆ ಸಿಪ್ಪೆ ಉದ್ದುದ್ದ ಹಾರಿ ಅವನ ತೋಳು, ಎದೆ ಎಲ್ಲ ತುಂಬಿಕೊಳ್ಳುತ್ತದೆ. ಆಮೇಲೆ ಬಿಲ್ಲೆ ತಿರುವಿ ಹಾಕಿ ಇನ್ನೊಂದು ಮುಖ. ಕೊನೆಗೆ ಕೈಗೆ ಬರುವುದು ದಪ್ಪನೆಯ ಒಂದು ಮರದ ಬಳೆ. ಅದರ ಮೈಮೇಲೆ ಏನೇನೋ ಏರುತಗ್ಗು. ನೋಡಿದರೆ ಅದು ಏನು ಅಂತ ಯಾರಿಗೂ ಹೊಳೆಯುವುದಿಲ್ಲ.

ಆಗ ಅವನು ಬಳೆಯ ಮೇಲೆ ಚಾಕು ಇಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಾನೆ. ಸ್ವಲ್ಪ ಪಕ್ಕಕ್ಕೆ ಇನ್ನೊಂದು ಏಟು. ತೆಳ್ಳನೆಯ ಚೂರೊಂದು ಬೇರೆಯಾಗುತ್ತದೆ. ಅದನ್ನು ಅಡ್ಡ ತಿರುಗಿಸಿ ಹಿಡಿದರೆ ಕುದುರೆ! ಕಾಲು, ಹೊಟ್ಟೆ, ಕತ್ತು, ಮೂತಿ ಎಲ್ಲ ಇದೆ. ಇಡೀ ಬಳೆಯಿಂದ ಅದೇ ಅಚ್ಚಿನ ಹತ್ತಾರು ಕುದುರೆ ಸಿಗುತ್ತವೆ.

ಇದರ ಕಷ್ಟ ಏನು ಅಂದರೆ, ಕೊರೆಯುವಾಗ ಅವನಿಗೆ ಕುದುರೆ ಕಾಣುವುದೇ ಇಲ್ಲ. ಒಂದು ಮುಖದಿಂದ ಕೊರೆದ ಅರ್ಧ ಆಕಾರಕ್ಕೆ ಇನ್ನೊಂದು ಮುಖದ ಅರ್ಧ ಸರಿಯಾಗಿ ಕೂಡಬೇಕು. ಒಂದು ಕಡೆ ಉಳಿ ಸ್ವಲ್ಪ ಆಳಕ್ಕೆ ಹೋಯಿತೋ, ಆ ಬಳೆಯ ಅಷ್ಟೂ ಪ್ರಾಣಿಗಳ ಕಾಲು ಸಣಕಲು. ಬಳೆ ಸೀಳಿದ ಮೇಲೂ ಕೆಲಸ ಮುಗಿಯಲಿಲ್ಲ. ಪ್ರತಿ ಚೂರಿನ ಹೊರಬದಿ ದಪ್ಪ, ಒಳಬದಿ ತೆಳ್ಳಗೆ ಇರುತ್ತದಲ್ವಾ? ಅದನ್ನು ಕೈಯಲ್ಲೇ ಚಾಕುವಿನಿಂದ ಉರುಟು ಮಾಡಬೇಕು. ಕಿವಿ, ಬಾಲ ಅಂಟಿಸಬೇಕು. ಬಣ್ಣ ಹಚ್ಚಬೇಕು.

ಚನ್ನಪಟ್ಟಣ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲೂ ಲೇತ್, ಇಲ್ಲೂ ಲೇತ್. ಅಲ್ಲಿ ಹಾಲೆ ಮರ ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಹಿಡಿದು ಹೊಳಪು ತರುತ್ತಾರೆ. ಗೊಂಬೆಯ ಒಂದೊಂದು ಭಾಗವನ್ನೂ ಬೇರೆ ಬೇರೆ ಕಡೆಯುತ್ತಾರೆ. ಜೈಫನ್ ಜನ ಒಂದೇ ಸಲಕ್ಕೆ ಮಂದೆಗಟ್ಟಲೆ ಪ್ರಾಣಿ ತೆಗೆಯುವ ದಾರಿ ಕಂಡುಕೊಂಡರು. ಯಾಕೆ ಅಂತೀರಾ? ಬಡತನ. 19ನೇ ಶತಮಾನದಲ್ಲಿ ವ್ಯಾಪಾರಿಗಳು ಕೊಡುತ್ತಿದ್ದ ಬೆಲೆ ತೀರಾ ಕಡಿಮೆ. ಮನೆಮಂದಿಯೆಲ್ಲ, ಮಕ್ಕಳೂ ಸೇರಿ, ರಾತ್ರಿಯವರೆಗೂ ಕೂತು ಬಣ್ಣ ಹಚ್ಚುತ್ತಿದ್ದರು. ಅವರು ಮಾಡಿದ ಬೈಬಲ್ ಕತೆಯ ನೋಹನ ಹಡಗು, ಪ್ರಾಣಿಗಳ ಜೋಡಿ ದೂರ ದೂರದ ದೇಶಗಳ ಮಕ್ಕಳ ಕೈ ಸೇರುತ್ತಿತ್ತು. ಮ್ಯೂಸಿಯಂನಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವ ಪುಟ್ಟ ಊರು, ಪುಟ್ಟ ಸಂತೆ ಇಟ್ಟಿದ್ದಾರೆ. ಅಷ್ಟು ಸಣ್ಣದನ್ನು ಮಾಡಿದ ಕೈಗಳನ್ನು ನೆನೆದರೆ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಅದಕ್ಕೇ ಹೇಳುತ್ತೇನೆ, ಅಂಗಡಿ ಬೀದಿಗೆ ಹೋಗುವ ಮೊದಲು ಬಯಲು ಮ್ಯೂಸಿಯಂ ಮತ್ತು 1953ರಲ್ಲಿ ಶುರುವಾದ ಗೊಂಬೆ ಮ್ಯೂಸಿಯಂ ಎರಡನ್ನೂ ನೋಡಿಬಿಡಿ. ಆಮೇಲೆ ಅಂಗಡಿಯಲ್ಲಿ ಬೆರಳುದ್ದದ ಹಸುವಿನ ಬೆಲೆ ನೋಡಿದಾಗ ಜಾಸ್ತಿ ಆಯ್ತು ಅನಿಸುವುದಿಲ್ಲ.

ಹಲ್ಲು ಕಿರಿದು ನಿಂತಿರುವ, ಬಾಯಲ್ಲಿ ಗಟ್ಟಿ ಕಾಯಿ ಒಡೆಯುವ ನಟ್‌ಕ್ರ್ಯಾಕರ್ ಗೊಂಬೆ ಗೊತ್ತಲ್ಲ? ರಾಜನ ವೇಷದ ಆ ರೂಪ ಬಂದದ್ದು ಈ ಊರಿಂದ. 1870ರ ಸುಮಾರಿಗೆ ವಿಲ್‌ಹೆಲ್ಮ್ ಫ್ರೀಡ್ರಿಶ್ ಫ್ಯುಖ್ಟ್‌ನರ್ ಅದನ್ನು ಲೇತ್‌ನಲ್ಲಿ ಕಡೆದು ಮಾಡಿದರು. ಅವರ ವಂಶದವರು ಈಗಲೂ ಅದೇ ಕೆಲಸದಲ್ಲಿದ್ದಾರೆ. ಊರಿನ ಎಂಟು ಮೂಲೆಯ ಚರ್ಚ್ 1779ರಲ್ಲಿ ಕಟ್ಟಿ ಮುಗಿದದ್ದು. ಅಲ್ಲಿನ ಅಂಗಡಿಗಳಲ್ಲಿ ಅದರದ್ದೇ ಪುಟ್ಟ ಮರದ ಮಾದರಿಗಳನ್ನು ಕಾಣುತ್ತೀರಿ.

ಯಾವಾಗ ಹೋಗೋದು? ಡಿಸೆಂಬರ್‌ನಲ್ಲಿ ಊರಿನ ಕಿಟಕಿಗಳಲ್ಲೆಲ್ಲ ಕಮಾನಿನಾಕಾರದ ದೀಪದ ಸಾಲು ಹಚ್ಚಿಟ್ಟಿರುತ್ತಾರೆ. ಚಳಿಗಾಲದಲ್ಲಿ ಗಣಿಯವರು ಕತ್ತಲಲ್ಲಿ ಇಳಿದು ಕತ್ತಲಲ್ಲೇ ಮೇಲೆ ಬರುತ್ತಿದ್ದರು, ಬೆಳಕು ಕಾಣುವುದೇ ಅಪರೂಪ. ಅದಕ್ಕೇ ಇಲ್ಲಿ ದೀಪದ ಮೇಲೆ ಇಷ್ಟು ಪ್ರೀತಿ. ಮನೆಯಲ್ಲಿ ಗಂಡು ಮಗುವಿಗೆ ಒಂದು ಗಣಿ ಕೆಲಸಗಾರನ ಗೊಂಬೆ, ಹೆಣ್ಣು ಮಗುವಿಗೆ ಒಂದು ದೇವದೂತೆಯ ಗೊಂಬೆ, ಎರಡರ ಕೈಯಲ್ಲೂ ಮೇಣದಬತ್ತಿ. ಕಿಟಕಿಯಲ್ಲಿ ಅವುಗಳನ್ನು ಎಣಿಸಿದರೆ ಮನೆಯಲ್ಲಿ ಎಷ್ಟು ಮಕ್ಕಳು ಅಂತ ಬೀದಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತಿತ್ತು. ನೋಡಲು ತುಂಬಾ ಚೆನ್ನ. ಆದರೆ ಡಿಸೆಂಬರ್ ಶನಿವಾರ, ಭಾನುವಾರ ಬಸ್ಸುಗಟ್ಟಲೆ ಜನ ಬರುತ್ತಾರೆ, ಕೆಲಸ ಮಾಡುವವರ ಹತ್ತಿರ ನಿಂತು ನೋಡಲು ಜಾಗ ಸಿಗುವುದಿಲ್ಲ. ಆಗಲೇ ಹೋಗಬೇಕು ಅಂತಿದ್ದರೆ ವಾರದ ನಡುವೆ ಹೋಗಿ. ನನ್ನನ್ನು ಕೇಳಿದರೆ ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು.

ಕಾಡು ಕೇಳಿದ್ದೀರಲ್ಲ, ಊರ ಪಕ್ಕದ ಶ್ವಾರ್ಟನ್‌ಬರ್ಗ್ ಗುಡ್ಡ ಹತ್ತಿ. ಎತ್ತರ 789 ಮೀಟರ್, ಆದರೆ ಊರೇ ಎತ್ತರದಲ್ಲಿರುವುದರಿಂದ ಹತ್ತುವುದು ಕಷ್ಟವಿಲ್ಲ. ಮೇಲೆ ಊಟ ಸಿಗುತ್ತದೆ. ಅಲ್ಲಿಂದ ಗಡಿಯಾಚೆಯ ಗುಡ್ಡಗಳೂ ಕಾಣುತ್ತವೆ. ಒಂದು ವಿಷಯ ತಿಳಿದಿರಲಿ. ಈ ಬೆಟ್ಟಸಾಲಿನ ನೆತ್ತಿಯ ಕಾಡು 1970, 80ರ ದಶಕಗಳಲ್ಲಿ ಬಹಳಷ್ಟು ಸತ್ತೇ ಹೋಗಿತ್ತು. ಕಂದು ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆ ಸ್ಪ್ರೂಸ್ ಮರಗಳನ್ನು ನಿಂತಲ್ಲೇ ಒಣಗಿಸಿತು. ಆಮೇಲೆ ಹೊಗೆ ಶುದ್ಧ ಮಾಡುವ ಏರ್ಪಾಡು ಬಂತು, ಜನ ಮತ್ತೆ ಗಿಡ ನೆಟ್ಟರು. ನೆತ್ತಿಯಲ್ಲಿ ಒಂದೇ ಎತ್ತರದ ಎಳೇ ಮರಗಳ ಸಾಲು ಕಂಡರೆ ಅದು ಹೀಗೆ ಮರಳಿ ಬೆಳೆಸಿದ ಕಾಡು ಇರಬಹುದು.

ಡ್ರೆಸ್ಡೆನ್‌ನಿಂದ ಕಾರಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಊರಿಗೆ ರೈಲಿಲ್ಲ. ಕೆಮ್ನಿಟ್ಸ್‌ನಿಂದ ಓಲ್ಬರ್ನ್‌ಹೌ ಕಡೆಗೆ ರೈಲು ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಹೋಗಬಹುದು. ವಾಪಸ್ ಬಸ್ಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಒಂದು ರಾತ್ರಿ ಉಳಿಯುವುದಾದರೆ ಇನ್ನೂ ಒಳ್ಳೆಯದು, ಬೆಳಿಗ್ಗೆ ಪ್ರವಾಸಿ ಬಸ್ಸುಗಳು ಬರುವ ಮುಂಚೆ ಬಯಲು ಮ್ಯೂಸಿಯಂ ಬಾಗಿಲಲ್ಲಿ ಇರಬಹುದು. ಏನಾದರೂ ಕೊಳ್ಳುವ ಮನಸ್ಸಿದ್ದರೆ, ಅದು ಎಲ್ಲಿ ತಯಾರಾದದ್ದು ಅಂತ ಕೇಳಿಯೇ ಕೊಳ್ಳಿ. ಪೇಟೆಗಳ ಕ್ರಿಸ್ಮಸ್ ಸಂತೆಗಳಲ್ಲಿ ಹೊರಗಿಂದ ಬಂದ ಅಗ್ಗದ ನಕಲುಗಳೂ ಇವೆ. ಜೈಫನ್‌ನಲ್ಲಾದರೆ ಮಾಡಿದವರ ಕೈಯಿಂದಲೇ ಕೊಳ್ಳಬಹುದು, ಮಾಡುವುದನ್ನು ನೋಡಿಯೂ ಬರಬಹುದು.