ಸಣ್ಣ ಊರಿನ ಚರಂಡಿ ನೀರು ಶುದ್ಧ ಮಾಡಲು ಎಸ್‌ಬಿಆರ್ (ಟ್ಯಾಂಕಿಗೆ ಸರದಿಯಂತೆ ನೀರು ತುಂಬಿ, ಗಾಳಿ ಊದಿ ಶುದ್ಧ ಮಾಡುವ ಪದ್ಧತಿ) ಒಳ್ಳೆಯದೋ, ಕೊಳದಲ್ಲಿ ನಿಲ್ಲಿಸುವ ಪದ್ಧತಿಯೋ? ಕೆಳಗಿನ ಹಳ್ಳ ಕೆಡಬಾರದು.

ನೀವು ಮಾನ್ವಿ ಕಡೆಯವರು, ನಾನು ಗಂಗಾವತಿ ಕಡೆ ಇದ್ದವನು. ಎರಡೂ ಕಡೆಯ ಹಳ್ಳಗಳು ಕೊನೆಗೆ ಸೇರುವುದು ತುಂಗಭದ್ರೆಗೇ. ನಿಮ್ಮ ಪ್ರಶ್ನೆ ಓದಿ ನಿದ್ದೆ ಬರಲಿಲ್ಲ. ಒಂದು ಕಾಲಕ್ಕೆ ನಾನೂ ಇದನ್ನೇ ಕೇಳುತ್ತಿದ್ದೆ.

ಕೊಪ್ಪಳ ಜಿಲ್ಲೆಯ ಒಂದು ಊರಿನ ಚರಂಡಿ ನೀರು ಶುದ್ಧ ಮಾಡುವ ಘಟಕದಲ್ಲಿ ನಾನು ಗುತ್ತಿಗೆ ಮೇಲೆ ಮೇಲ್ವಿಚಾರಕನಾಗಿದ್ದೆ. ಘಟಕ ಕಟ್ಟಿದ್ದು ದಿನಕ್ಕೆ 20 ಲಕ್ಷ ಲೀಟರಿಗೆ, ಬರುತ್ತಿದ್ದದ್ದು 8 ಲಕ್ಷ. ಯುಜಿಡಿ (ಒಳಚರಂಡಿ) ಪೈಪ್ ಬೀದಿಗೆ ಬಂದಿತ್ತು, ಮನೆಯೊಳಗೆ ಹೋಗಿರಲಿಲ್ಲ. ಅರ್ಧ ಊರು ಇನ್ನೂ ಪಾಯಿಖಾನೆ ಗುಂಡಿಯ ಮೇಲೇ ಇತ್ತು. ಗುಂಡಿ ತುಂಬಿದರೆ ಸಕಿಂಗ್ ಗಾಡಿ. ಆ ಗಾಡಿಗಳು ಕತ್ತಲಾದ ಮೇಲೆ ಹಳ್ಳಕ್ಕೆ ಸುರಿದು ಹೋಗುತ್ತಿದ್ದವು.

ನಾನು ಜಾಣತನ ಮಾಡಿದೆ. "ಹಳ್ಳಕ್ಕೆ ಯಾಕೆ, ನಮ್ಮಲ್ಲೇ ಸುರೀರಿ" ಅಂದೆ. ಕೊಳೆ ತಿಂದು ನೀರು ಶುದ್ಧ ಮಾಡುವ ಟ್ಯಾಂಕಿನ ಬ್ಯಾಕ್ಟೀರಿಯಾ ಹೇಗೂ ಅರೆಹೊಟ್ಟೆಯಲ್ಲಿವೆ, ಒಳ್ಳೆ ಊಟ ಸಿಕ್ಕಂತಾಯಿತು ಅಂದುಕೊಂಡೆ.

ಇಲ್ಲೇ ನಾನು ಕೆಟ್ಟದ್ದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗುಂಡಿಯ ಗಸಿ ಚರಂಡಿ ನೀರಿಗಿಂತ ಇಪ್ಪತ್ತು ಪಟ್ಟು ಗಟ್ಟಿ ಇರುವುದು ಮಾಮೂಲು. 4,000 ಲೀಟರಿನ ಒಂದು ಗಾಡಿ ಅಂದರೆ 80,000 ಲೀಟರ್ ಚರಂಡಿ ನೀರಿನ ಹೊರೆ. ಐದು ಗಾಡಿ ಬಂದರೆ 4 ಲಕ್ಷ, ಅಂದರೆ ನಮ್ಮ ಅರ್ಧ ದಿನದ ಹೊರೆ ಒಂದೇ ಗಂಟೆಯಲ್ಲಿ! ಅದೂ ರಾತ್ರಿ ಹನ್ನೊಂದಕ್ಕೆ, ತೆಳು ಮಾಡಲು ಊರಿನ ನೀರೇ ಬರದ ಹೊತ್ತಿನಲ್ಲಿ. ಸಾಲದ್ದಕ್ಕೆ ಕರೆಂಟ್ ಬಿಲ್ ಉಳಿಸಲು ರಾತ್ರಿ ಒಂದು ಬ್ಲೋವರ್ (ಟ್ಯಾಂಕಿಗೆ ಗಾಳಿ ಊದುವ ಯಂತ್ರ) ಆಫ್ ಮಾಡಿಸುತ್ತಿದ್ದವನೂ ನಾನೇ. ಊಟ ಹೆಚ್ಚಿಸಿ ಉಸಿರು ಕಟ್ಟಿದ ಹಾಗೆ.

ಚೆನ್ನಾಗಿರುವ ಟ್ಯಾಂಕು ಕಂದು ಬಣ್ಣ ಇರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ನಮ್ಮದು ಹತ್ತು ದಿನದಲ್ಲಿ ಕಪ್ಪಾಯಿತು, ಕೊಳೆತ ಮೊಟ್ಟೆಯ ನಾತ. ಆದರೂ ರಿಪೋರ್ಟಿನಲ್ಲಿ ಬಿಒಡಿ (ನೀರಿನ ಕೊಳೆಯ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 30ರೊಳಗೇ ಇತ್ತು. ಕಡೆಯ ಸ್ಯಾಂಪಲ್ ತೆಗೆದದ್ದು ಆ ಗಾಡಿಗಳು ಬರುವುದಕ್ಕೆ ಮುಂಚೆ ಅಲ್ವಾ! ಆ ಕಾಗದ ನೋಡಿಕೊಂಡು ಇನ್ನೂ ಎರಡು ದಿನ ಸುಮ್ನೆ ಕೂತೆ.

ಹಳ್ಳದ ಕೆಳಗಿನ ಹೊಲದ ಯಜಮಾನರೊಬ್ಬರು ಗೇಟಿಗೆ ಬಂದರು. ಬೈಯಲಿಲ್ಲ. "ಸಾಹೇಬ್ರ, ನಮ್ಮ ಎಮ್ಮಿ ಹಳ್ಳಕ್ಕ ಇಳಿಯಾಕ ಒಲ್ಲೆ ಅಂತಾವ. ಏನ್ ಬಿಟ್ಟೀರಿ?" ಅಂದರು. ಅವರ ಭತ್ತಕ್ಕೂ ಅದೇ ನೀರು. ನಾಟಿ ಹಚ್ಚುವ ಹೆಣ್ಣುಮಕ್ಕಳ ಕಾಲಿಗೆ ಕೆರೆತ ಬಂದಿತ್ತು.

ಗಾಡಿ ನಿಲ್ಲಿಸಿ, ಎರಡೂ ಬ್ಲೋವರ್ ಓಡಿಸಿ, ಸಗಣಿ ಕಲಸಿ ಹಾಕಿ ಟ್ಯಾಂಕನ್ನು ಮತ್ತೆ ಎಬ್ಬಿಸಲು ಇಪ್ಪತ್ತು ದಿನ ಹಿಡಿಯಿತು. ಆ ವರ್ಷ ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಸರಿಯಾಗಿಯೇ ಮಾಡಿದರು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕೇಳಿದ್ದಕ್ಕೆ ಹೇಳುತ್ತೇನೆ, ಜಾಗ ಇದ್ದರೆ ಕೊಳವೇ. ರಾಯಚೂರಿನ ಬಿಸಿಲು ಬಿಟ್ಟಿ ಸಿಗುತ್ತದೆ, ಪಾಚಿಯೇ ಆಮ್ಲಜನಕ ಕೊಡುತ್ತದೆ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಎಸ್‌ಬಿಆರ್‌ಗೆ ರಾತ್ರಿಯೂ ಕಣ್ಣಿಟ್ಟು ಕೂರುವ, ಸಂಬಳ ಸರಿಯಾಗಿ ಸಿಗುವ ಆಪರೇಟರ್ ಬೇಕು. ನಿಮ್ಮ ಪುರಸಭೆ ಕೊಡುತ್ತದಾ? ಆದರೆ ಯಾವುದನ್ನೇ ಕಟ್ಟಿದರೂ ಗುಂಡಿಯ ಗಸಿಗೆ ಬೇರೆ ಒಣಹಾಸು (ಗಸಿ ಹರಡಿ ಒಣಗಿಸುವ ಜಾಗ) ಇಲ್ಲದಿದ್ದರೆ ಅದು ನಿಮ್ಮ ಘಟಕವನ್ನೋ ಹಳ್ಳವನ್ನೋ ಸೇರಿಯೇ ಸೇರುತ್ತದೆ. ದೇವನಹಳ್ಳಿಯಲ್ಲಿ 2015ರಿಂದಲೇ ಗಸಿಗೆಂದೇ ಬೇರೆ ಘಟಕ ಇದೆ, ಒಮ್ಮೆ ಹೋಗಿ ನೋಡಿ.

ಅದಕ್ಕೂ ಮೊದಲು ನಿಮ್ಮೂರಿನ ಸಕಿಂಗ್ ಗಾಡಿಗಳನ್ನು ಒಂದು ವಾರ ಎಣಿಸಿ. ಎಷ್ಟು ಟ್ರಿಪ್, ಎಲ್ಲಿ ಸುರಿಯುತ್ತಾರೆ ಅಂತ. ಡ್ರೈವರುಗಳಿಗೆ ಒಂದು ಚಹಾ ಕುಡಿಸಿದರೆ ಎಲ್ಲಾ ಹೇಳುತ್ತಾರೆ.